ಕಪ್ಪು ಬಳಿದ ಸೂಡು

ಅಕ್ಟೋಬರ್ ಕೊನೆಯಲ್ಲಿ ಯೂನಿವರ್ಸಿಟಿಯಿಂದ ನನಗೆ ಆ ಪತ್ರ ಬಂದಾಗ ನಾವಿನ್ನೂ ದಂಟಿನಿಂದ ಸೊಪ್ಪು ಬಿಡಿಸಲು ಶುರುಮಾಡಿರಲಿಲ್ಲ. ಕಡಿದು ತಂದ ಹೊಗೆಸೊಪ್ಪು, ಅದನ್ನು ಒಣಗಿಸುವ ಬ್ಯಾರನ್ನಿನ ತೊಲೆಗಳಲ್ಲಿ ತಲೆಕೆಳಗಾಗಿ ತೂಗುತ್ತಿತ್ತು. ಹೊರಗೆ ಒಣಹವೆ. ಒಣಹವೆಯಲ್ಲಿ ಸೊಪ್ಪು ಮುಟ್ಟಿದರೆ ಸುಟ್ಟ ಕಾಗದದ ಹಾಗೆ ಪುಡಿಯಾಗುತ್ತದೆ. ಮಳೆ ಹನಿದು, ಗಾಳಿಗೆ ತೇವ ಸೇರಿ, ಎಲೆ ಮೆತ್ತಗಾಗಿ ಹದಕ್ಕೆ ಬರಬೇಕು. ಅಲ್ಲಿಯವರೆಗೆ ಕಾಯಬೇಕು. ಕೆಂಟಕಿಯ ನಮ್ಮ ಗುಡ್ಡದ ಸೀಮೆಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡದೆ ಬರುವ ವಿದ್ಯೆ ಈ ಕಾಯುವುದೊಂದೇ.

ಪತ್ರವನ್ನು ಅಮ್ಮ ಎರಡು ಸಲ ಗಟ್ಟಿಯಾಗಿ ಓದಿದಳು. ‘ಕುಮಾರಿ ಮಾರ್ಲೀನಾ ಪ್ರೂವಿಟ್ ಅವರನ್ನು ಆರೋಗ್ಯ ಶಿಕ್ಷಣ ವಿದ್ಯಾರ್ಥಿಗಳ ಗೌರವ ಸಂಘಕ್ಕೆ ಸೇರಿಸಿಕೊಳ್ಳಲು ತೀರ್ಮಾನಿಸಲಾಗಿದೆ. ಡಿಸೆಂಬರ್ ಮೊದಲ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಪ್ರತಿಜ್ಞಾ ಸಮಾರಂಭ. ಮನೆಯವರಿಗೆ ಆದರದ ಸ್ವಾಗತ.’ ಓದಿ ಮುಗಿಸಿ ಅದನ್ನು ಫ್ರಿಜ್ಜಿನ ಬಾಗಿಲಿಗೆ, ಬೀಜದಂಗಡಿಯವರು ಕೊಟ್ಟಿದ್ದ ಅಯಸ್ಕಾಂತದ ಕೆಳಗೆ ಸಿಕ್ಕಿಸಿದಳು.

ಆ ಸಂಘ ಸುಮ್ಮನೆ ಯಾರನ್ನೂ ಕರೆಯುವುದಿಲ್ಲ. ಅಂಕಗಳಿರಬೇಕು, ಮೇಲೆ ಸೇವೆಯ ತಾಸುಗಳಿರಬೇಕು. ನನ್ನ ತಾಸುಗಳೆಲ್ಲ ನಮ್ಮ ಕೌಂಟಿಯ ಆರೋಗ್ಯ ಕಚೇರಿಯವು. ಎರಡು ವರ್ಷ, ಶನಿವಾರ ಶನಿವಾರ, ಗೊಬ್ಬರದಂಗಡಿಯ ಮುಂದೆ ಮೇಜು ಹಾಕಿಕೊಂಡು ರೈತರ ರಕ್ತದೊತ್ತಡ ನೋಡಿದ್ದೆ. ಕಚೇರಿಯ ಮಿಸೆಸ್ ಟ್ಯಾಕೆಟ್ ಆಗಲೇ ಹೇಳಿದ್ದರು: “ನೋಡು ಮಗೂ, ನಾನು ಮುಂದಿನ ಬೇಸಿಗೆಗೆ ನಿವೃತ್ತಿ ಆಗ್ತೀನಿ. ಆ ಜಾಗಕ್ಕೆ ಪಟ್ಟಣದಿಂದ ಯಾರ್‍ಯಾರೋ ಅರ್ಜಿ ಹಾಕ್ತಾರೆ. ನಿನ್ನ ಅರ್ಜಿ ಮೇಲೆ ಆ ಸಂಘದ ಹೆಸರಿದ್ರೆ ನಾನು ಧೈರ್ಯವಾಗಿ ಮಾತಾಡಬಹುದು. ಇಲ್ದಿದ್ರೆ ನನ್ನ ಕೈಲಿ ಏನೂ ಇಲ್ಲ.” ಅಂದರೆ ಸಂಘಕ್ಕೆ ಸೇರಿದವರ ಕಾಲರಿಗೆ ಚುಚ್ಚುವ ಆ ಪಿನ್ನು ನನಗೆ ಬರೀ ಪಿನ್ನಾಗಿರಲಿಲ್ಲ. ಊರಲ್ಲೇ ಇದ್ದು, ಊರಿನವರ ನಡುವೆಯೇ ಕೆಲಸ ಮಾಡುವ ಒಂದೇ ದಾರಿ ಅದಾಗಿತ್ತು.

ನಡುವೆ ಉಳಿದದ್ದು ಒಂದೇ ಕೆಲಸ. ನವೆಂಬರಿನ ಮೂರನೇ ಗುರುವಾರ ಸಂಘದವರು ಸಿಗರೇಟು ಬಿಡುವ ದಿನ ಮಾಡುತ್ತಾರೆ. ಹೊಸದಾಗಿ ಸೇರುವವರು ಅದಕ್ಕೆ ಏನಾದರೂ ತರಬೇಕು. ಒಬ್ಬ ಪೋಸ್ಟರು, ಒಬ್ಬಳು ಬಿಸ್ಕತ್ತು. ಸಂಘದ ಅಧ್ಯಕ್ಷೆ ಬ್ರೂಕ್ ಲೂಯಿವಿಲ್ ನಗರದವಳು, ನಮ್ಮ ತರಗತಿಯವಳೇ. ಅವಳು ನನ್ನ ಭುಜ ತಟ್ಟಿ, “ಮಾರ್ಲೀನಾ, ನಿಮ್ಮನೇಲಿ ತಂಬಾಕು ಬೆಳೀತೀರಲ್ವಾ? ನಾಲ್ಕು ಎಲೆ ತಗೊಂಡ್ ಬಾರೆ. ನಾವ್ಯಾರೂ ನಿಜವಾದ ಎಲೆ ನೋಡೇ ಇಲ್ಲ,” ಅಂದಳು. ಅದರಲ್ಲಿ ಕೊಂಕೇನೂ ಇರಲಿಲ್ಲ. ನಾನು ಆಗಲಿ ಅಂದೆ.

ನವೆಂಬರಿನ ಮೊದಲ ಮಳೆಗೆ ಸೊಪ್ಪು ಹದಕ್ಕೆ ಬಂತು. ಶನಿವಾರ ಬೆಳಿಗ್ಗೆ ಬಿಡಿಸುವ ಕೋಣೆಯಲ್ಲಿ ಸೌದೆ ಒಲೆ ಹಚ್ಚಿ ಮೂವರೂ ನಿಂತೆವು. ಆ ಕೋಣೆಯ ಉದ್ದನೆಯ ಹಲಗೆಯ ಮುಂದೆ ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ಕಿಟಕಿಯ ಬೆಳಕಿಗೆ ಅಪ್ಪ: ಗಿಡದ ಅಡಿ ಎಲೆಗಳನ್ನು ಬೇರೆ ಮಾಡುವುದು. ಅಲ್ಲಿ ಕೈ ತಪ್ಪಿದರೆ ಮುಂದಿನವರದೆಲ್ಲ ತಪ್ಪು. ಆಮೇಲೆ ಅಮ್ಮ, ನಡುವಿನ ಎಲೆಗೆ. ಆಮೇಲೆ ನಾನು, ಒಳ್ಳೆಯ ಕೆಂಪು ಎಲೆಗೆ. ಆ ಜಾಗ ನನಗೆ ಸಿಕ್ಕಿದ್ದು ಹದಿನಾರಕ್ಕೆ. ಅದಕ್ಕೆ ಮೊದಲು ಕೊನೆಯಲ್ಲಿ ನಿಂತು ತುದಿ ಎಲೆ ಕಿತ್ತು, ಬೋಳು ದಂಟನ್ನು ಹೊರಗೆಸೆಯುವುದು ನನ್ನ ಕೆಲಸವಾಗಿತ್ತು. ಅದು ಮಕ್ಕಳ ಜಾಗ; ಈಗ ಯಾರಿಗೆ ಬಿಡುವಾದರೆ ಅವರು ಅದನ್ನು ಮಾಡುತ್ತಿದ್ದೆವು.

“ಅಪ್ಪ, ಯೂನಿವರ್ಸಿಟಿಲಿ ನಾಲ್ಕ್ ಎಲೆ ಕೇಳವ್ರೆ,” ಅಂದೆ.

“ಯಾರು?”

“ನಮ್ ಸಂಘದೋರು. ಸಿಗರೇಟ್ ಬುಡೋ ದಿನ ಅಂತ ಮಾಡ್ತಾರೆ. ಅವತ್ತು ತೋರ್ಸಕ್ಕೆ.”

ಅಮ್ಮ ಕೈಯಲ್ಲಿದ್ದ ಗಿಡ ಹಲಗೆಗೆ ಹಾಕಿದಳು. “ಸಿಗರೇಟ್ ಬುಡಿ ಅನ್ನಕ್ಕೆ ನಮ್ ಸೊಪ್ಪೇ ಬೇಕಾ? ಚೆನ್ನಾಗೈತೆ. ಕೋಳಿ ತಿನ್ಬ್ಯಾಡಿ ಅಂತ ಸಾರಕ್ಕೆ ನಮ್ ಹುಂಜನೇ ಕೇಳ್ದಂಗಾಯ್ತು.”

“ಕೇಳ್ಲಿ ಬುಡು ವಾಂಡಾ,” ಅಂದ ಅಪ್ಪ. “ಹೇಳ್ಬೇಕಾದ್ ಮಾತೇ ಅಲ್ವಾ ಅದು. ನಮ್ಮಪ್ಪನ್ನೇನ್ ಹಾವ್ ಕಚ್ತಾ?”

ಅಮ್ಮ ಗಿಡವನ್ನು ಮತ್ತೆ ಎತ್ತಿಕೊಂಡಳು. ಅಜ್ಜನ ಕೊನೆಯ ಎರಡು ವರ್ಷ ಜಗುಲಿಯ ಕುರ್ಚಿಯಲ್ಲಿ, ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಕಳೆದವು. ಐದು ಹೆಜ್ಜೆ ನಡೆದರೆ ತುಟಿ ನೀಲಿಯಾಗುತ್ತಿತ್ತು. ಅವನನ್ನು ಮಣ್ಣು ಮಾಡಿ ಬಂದ ದಿನ ಅಪ್ಪ ತನ್ನ ಸಿಗರೇಟು ಪ್ಯಾಕು ಒಲೆಗೆ ಹಾಕಿದ, ಮತ್ತೆ ಮುಟ್ಟಲಿಲ್ಲ. ಬೆಳೆಯುವುದನ್ನು ಮಾತ್ರ ಬಿಡಲಿಲ್ಲ. ಇದರ ಬಗ್ಗೆ ನಮ್ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಾನು ಆರೋಗ್ಯ ಶಿಕ್ಷಣ ಓದುತ್ತೇನೆ ಅಂದಾಗ ಅಪ್ಪ ಇಷ್ಟೇ ಹೇಳಿದ್ದ: “ಓದು. ನಮ್ಮಪ್ಪಂಗೆ ಯಾರಾದ್ರೂ ಹೊತ್ತಿಗ್ ಮುಂಚೆ ಹೇಳಿದ್ರೆ ಕೇಳ್ತಿದ್ನೋ ಏನೋ.”

ನಾನು ಕೈಗೆ ಸಿಕ್ಕ ನಾಲ್ಕು ಎಲೆ ಎತ್ತಿಕೊಳ್ಳಹೋದೆ. ಅಪ್ಪ ತಡೆದ. “ಅದಲ್ಲ. ಯೂನಿವರ್ಸಿಟಿಯೋರ್ ನೋಡ್ತಾರೆ ಅಂದ್ಮೇಲೆ ಹರ್‍ಕಲು ಕೊಡಾದಾ?”

ಅರ್ಧ ಗಂಟೆ ಅವನು ಎಲೆ ಆರಿಸಿದ. ಒಂದೊಂದನ್ನೂ ಕಿಟಕಿಗೆ ಹಿಡಿದು ತೂತಿದೆಯೇ, ಮಚ್ಚೆಯಿದೆಯೇ ನೋಡಿದ. ಒಂದೇ ಉದ್ದ, ಒಂದೇ ಬಣ್ಣ. ಹಳೆಯ ತಾಮ್ರದ ಪಾತ್ರೆಯನ್ನು ಉಜ್ಜಿದಾಗ ಬರುವ ಬಣ್ಣ. ಹದಿನೆಂಟು ಎಲೆ. ತೊಟ್ಟುಗಳನ್ನು ಮುಷ್ಟಿಯಲ್ಲಿ ಸಮ ಮಾಡಿ, ಹತ್ತೊಂಬತ್ತನೆಯ ಎಲೆಯನ್ನು ಪಟ್ಟಿಯಾಗಿ ಮಡಿಸಿ, ಅದನ್ನೇ ಹಗ್ಗ ಮಾಡಿ ಬಿಗಿಯಾಗಿ ಸುತ್ತಿ, ತುದಿಯನ್ನು ಎಲೆಗಳ ನಡುವೆ ತೂರಿಸಿ ಎಳೆದ. ಸೂಡು ಆಯಿತು. ಸೂಡು ಕಟ್ಟುವುದನ್ನು ನಮ್ಮ ಕಡೆ ಬಿಟ್ಟು ಹದಿನೈದು ವರ್ಷದ ಮೇಲಾಗಿದೆ. ಈಗ ಎಲ್ಲರೂ ಬಿಡಿ ಎಲೆಯನ್ನು ಪೆಟ್ಟಿಗೆಯಲ್ಲೊತ್ತಿ ಪಿಂಡಿಯಂಥ ಬೇಲು ಮಾಡಿ ಹರಾಜಿಗೆ ಒಯ್ಯುತ್ತಾರೆ. ಅಜ್ಜ ಕಟ್ಟಿದ ಸೂಡಿಗೆ ಕೌಂಟಿಯ ಪ್ರದರ್ಶನದಲ್ಲಿ ಮೂರು ಸಲ ಮೊದಲ ಬಹುಮಾನದ ನೀಲಿ ರಿಬ್ಬನ್ನು ಬಂದಿತ್ತು. ಎಲ್ಲರೂ ಬಲಕ್ಕೆ ಸುತ್ತಿದರೆ ಅಜ್ಜ ಎಡಕ್ಕೆ ಸುತ್ತುತ್ತಿದ್ದ, ಎಡಗೈಯವನು. ಅವನ ಮಗ್ಗುಲಲ್ಲಿ ನಿಂತು ಕಲಿತ ಅಪ್ಪ ಬಲಗೈಯವನಾದರೂ ಎಡಕ್ಕೇ ಸುತ್ತುತ್ತಾನೆ. ಸಾವಿರ ಸೂಡಿನಲ್ಲಿಟ್ಟರೂ ನಮ್ಮ ಮನೆಯದು ಬೇರೆ ಕಾಣುತ್ತದೆ.

“ಬೆಚ್ಚಗಿರೋ ರೂಮಲ್ ಇಡಬ್ಯಾಡಿ ಅನ್ನು,” ಅಂದ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಡುತ್ತ. “ಒಣಗೋದ್ರೆ ಮುರ್‍ಕತ್ತದೆ.”

ಸೋಮವಾರ ಅದನ್ನು ಸಂಘದ ಕೋಣೆಗೆ ಒಯ್ದೆ. ಸಂಘವನ್ನು ನೋಡಿಕೊಳ್ಳುವ ಪ್ರೊಫೆಸರ್ ಹಾರ್ಗಿಸ್ ಮೇಡಂ ಬಟ್ಟೆ ಬಿಚ್ಚಿ ನೋಡಿ, “ಅಯ್ಯೋ, ಎಷ್ಟ್ ಚೆನ್ನಾಗಿದೆ!” ಅಂದರು. ಅನ್ನುವಾಗ ಅವರ ಹುಬ್ಬು ಸ್ವಲ್ಪ ಗಂಟಿಕ್ಕಿತ್ತು. ಅದು ಯಾಕೆಂದು ನಾನು ಯೋಚಿಸಲಿಲ್ಲ.

ಗುರುವಾರ, ಸಿಗರೇಟು ಬಿಡುವ ದಿನ, ನನಗೆ ಬೆಳಿಗ್ಗೆ ಆರೋಗ್ಯ ಕಚೇರಿಯಲ್ಲಿ ಕೆಲಸವಿತ್ತು. ಮಧ್ಯಾಹ್ನ ಬಂದಾಗ ನಮ್ಮ ಕಟ್ಟಡದ ಮೊಗಸಾಲೆಯಲ್ಲಿ ಜನ ಸೇರಿದ್ದರು. ನಡುವೆ ರಟ್ಟಿನಲ್ಲಿ ಮಾಡಿದ ಶವಪೆಟ್ಟಿಗೆ. ಅದರ ಮುಚ್ಚಳದ ಮೇಲೆ, ತಂತಿಯಲ್ಲಿ ಕಟ್ಟಿ ನೇತುಹಾಕಿದ ಒಂದು ಕಪ್ಪು ವಸ್ತು. ಮೊದಲು ಸತ್ತ ಕಾಗೆಯೇನೋ ಅಂದುಕೊಂಡೆ. ಹತ್ತಿರ ಹೋದೆ. ಅಪ್ಪನ ಸೂಡು. ಹದಿನೆಂಟು ಎಲೆಗೂ ಡಬ್ಬಿಯ ಕಪ್ಪು ಬಣ್ಣ ಚಿಮುಕಿಸಿದ್ದರು, ಕಾರಿಗೆ ಹೊಡೆಯುವಂಥದ್ದು. ಹೊಳೆಯುತ್ತಿತ್ತು. ಕೆಳಗೊಂದು ಫಲಕ: ‘ಇದು ನಿಜವಾದ ತಂಬಾಕು. ನಿಮ್ಮ ಎದೆಯೊಳಗೆ ಹೋಗುವುದು ಇದೇ.’

ನಿಜವಾದ ತಂಬಾಕು!

“ಹೇಗಿದೆ?” ಅಂತ ಬ್ರೂಕ್ ಓಡಿಬಂದಳು. “ನೀನು ತಂದಿದ್ದು ಸಿಕ್ಕಾಪಟ್ಟೆ ಮುದ್ದಾಗಿತ್ತು ಕಣೆ. ಮನೇಲಿ ಹೂದಾನಿಗೆ ಇಡೋ ಹಾಗೆ. ಅದನ್ನ ನೋಡಿ ಯಾರ್ ಹೆದರ್ತಾರೆ? ಮೇಡಮ್ಮೇ ಸ್ಪ್ರೇ ತಂದ್ರು.”

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ.

ಈ ಕಥೆಯಲ್ಲಿ ಸಿಟ್ಟು ಬರಬೇಕಾದ್ದು ಯಾರ ಮೇಲೆ ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಪ್ರತಿ ಸಲವೂ ಆ ನಗುವಿಗೇ ಬಂದು ನಿಲ್ಲುತ್ತೇನೆ. ಸಮಾರಂಭಕ್ಕೆ ಎರಡು ವಾರ ಚಿಲ್ಲರೆ ಇತ್ತು. ಬಾಯಿ ತೆರೆದರೆ ಪಿನ್ನು ಎಲ್ಲಿ ಕೈತಪ್ಪುತ್ತದೋ ಅನ್ನಿಸಿತು. ಹಾಗಾಗಿ ನಕ್ಕೆ. ಎಲ್ಲರೂ ಹೋದ ಮೇಲೆ ಬ್ರೂಕ್ ಹತ್ತಿರ ಹೋಗಿ, “ಸಮಾರಂಭದ ದಿನ ಇದು ಇಲ್ಲಿರೋದು ಬೇಡ. ನಮ್ಮಪ್ಪ ಬರ್ತಾರೆ,” ಅಂದೆ.

“ಅಷ್ಟರೊಳಗೆ ಎತ್ತಿಡ್ತೀವಿ ಬಿಡೆ,” ಅಂದಳು.

ಅಷ್ಟಕ್ಕೇ ಸುಮ್ಮನಿರದೆ ಸಮಾರಂಭದ ಹಿಂದಿನ ದಿನ ಮನೆಯಲ್ಲಿ, “ಮುಂದಿನ ಬಾಗ್ಲಲ್ಲಿ ಜನ ಜಾಸ್ತಿ ಇರ್ತಾರೆ, ನೀವು ಪಕ್ಕದ ಬಾಗ್ಲಿಂದ ಬನ್ನಿ,” ಅಂತಲೂ ಹೇಳಿದೆ.

ಆದರೆ ನನ್ನ ಅಪ್ಪ ಅಮ್ಮ ಎಲ್ಲಿಗೇ ಹೋಗಲಿ, ಹೇಳಿದ ಹೊತ್ತಿಗೆ ಹೋಗುವವರಲ್ಲ. ಚರ್ಚಿಗೆ ಅರ್ಧ ಗಂಟೆ ಮುಂಚೆ, ಹರಾಜಿಗೆ ಒಂದು ಗಂಟೆ ಮುಂಚೆ. ನನ್ನ ಸಮಾರಂಭಕ್ಕೆ ಒಂದೂವರೆ ಗಂಟೆ ಮುಂಚೆ ಬಂದರು. ಪಕ್ಕದ ಬಾಗಿಲಿಗೆ ಇನ್ನೂ ಬೀಗ. ಸುತ್ತಿಕೊಂಡು ಮುಂದಿನ ಬಾಗಿಲಿಗೆ ಬಂದರು.

ನಾನು ಒಳಗೆ ಕುರ್ಚಿ ಜೋಡಿಸುತ್ತಿದ್ದೆ. ಗಾಜಿನ ಆಚೆ ಅಪ್ಪನ ಕಂದು ಕೋಟು ಕಂಡಿತು. ಅಜ್ಜನನ್ನು ಮಣ್ಣು ಮಾಡಿದ ದಿನ ಹಾಕಿದ್ದ ಕೋಟು, ಅದೊಂದೇ ಇರುವುದು. ಅಮ್ಮನ ಕೈಯಲ್ಲಿ ಬ್ಲ್ಯಾಕ್‌ಬೆರಿ ಜಾಮಿನ ಕೇಕು. ನಾನು ಮೊಗಸಾಲೆಗೆ ಓಡುವಷ್ಟರಲ್ಲಿ ಅಪ್ಪ ಶವಪೆಟ್ಟಿಗೆಯ ಮುಂದೆ ನಿಂತಿದ್ದ. ಎತ್ತಿಡುತ್ತೇವೆ ಅಂದವರು ಎತ್ತಿಟ್ಟಿರಲಿಲ್ಲ.

ಟೋಪಿ ಕೈಯಲ್ಲಿ ಹಿಡಿದು ಅವನು ಫಲಕ ಓದಿದ. ನಿಧಾನಕ್ಕೆ ಓದುತ್ತಾನೆ, ತುಟಿ ಅಲ್ಲಾಡುತ್ತದೆ. ಆಮೇಲೆ ಕೈ ಚಾಚಿ ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದ. ಹದ ನೋಡುವ ಹಿಡಿತ ಅದು. ಎಲೆ ಚಟ್ಟನೆ ಮುರಿದು ಕಪ್ಪು ಚೂರು ನೆಲಕ್ಕೆ ಬಿತ್ತು. ಮುರಿದಲ್ಲಿ ಒಳಗಿನ ತಾಮ್ರದ ಬಣ್ಣ ಕಂಡಿತು. ಸೂಡನ್ನು ತಿರುಗಿಸಿ ಕಟ್ಟು ನೋಡಿದ.

“ವಾಂಡಾ,” ಅಂದ. “ಇದು ನಂದು.”

“ಏನ್ ನಿಂದು? ಅದೇನ್ ಪ್ಲಾಸ್ಟಿಕ್ಕಾ?”

“ಎಡಕ್ ಸುತ್ತೈತೆ ನೋಡು.”

ಅಮ್ಮ ನೋಡಿದಳು. ಕೇಕನ್ನು ಕೆಳಗಿಡಲು ಜಾಗ ಸಿಗದೆ ಹಾಗೇ ಹಿಡಿದುಕೊಂಡು ನನ್ನತ್ತ ತಿರುಗಿದಳು.

ಅಷ್ಟರಲ್ಲಿ ಹಾರ್ಗಿಸ್ ಮೇಡಂ ಕೈ ಮುಂದೆ ಚಾಚಿಕೊಂಡೇ ಬಂದರು. “ಮಿಸ್ಟರ್ ಪ್ರೂವಿಟ್ ಅಲ್ವಾ? ನಿಮ್ಮ ಮಗಳು ನಮಗೆ ಹೆಮ್ಮೆ. ಮತ್ತೆ ಈ ಎಲೆ ಕಳಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎಲ್ಲರ ಬಾಯಲ್ಲೂ ಇದರದೇ ಮಾತು.”

ಅಪ್ಪ ಆ ಕೈ ಹಿಡಿಯಲಿಲ್ಲ. ಪುಡಿಯಾಗಿ ಉದುರಿ ತನ್ನ ಬೆರಳಿಗೆ ಅಂಟಿದ ಕಪ್ಪನ್ನು ತೋರಿಸಿದ. “ಯಾರಮ್ಮ ಬಳ್ದಿದ್ದು?”

“ಅದು ನಾನೇ. ಬೇಜಾರ್ ಮಾಡ್ಕೋಬೇಡಿ. ಹುಡುಗರಿಗೆ ಮನಸ್ಸಿಗೆ ತಟ್ಟಬೇಕು ನೋಡಿ. ಎಲೆ ಇದ್ದ ಹಾಗೇ ಇಟ್ರೆ ಸಂದೇಶ ತಲುಪೋದಿಲ್ಲ.”

“ಕೆಳಗ್ ‘ನಿಜ’ ಅಂತ ಬರ್‍ದಿದೀರಿ.”

“ತಂಬಾಕು ನಿಜವಾದ್ದೇ ಅಲ್ವಾ?”

ಅಪ್ಪ ಅವರನ್ನೇ ನೋಡಿದ. ಹರಾಜಿನಲ್ಲಿ ತೂಕ ಹೆಚ್ಚಿಸಲು ಬೇಲಿನ ನಡುವೆ ಒದ್ದೆ ಎಲೆ ತುಂಬಿ ತಂದವರನ್ನು ನೋಡುವ ನೋಟ. ಟೋಪಿ ಹಾಕಿಕೊಂಡ. ಗಾಜಿನ ಬಾಗಿಲು ತಳ್ಳಿ ಹೊರಗೆ ಹೋದ.

“ನಿಂಗ್ ಗೊತ್ತಿತ್ತಾ?” ಅಮ್ಮ ಕೇಳಿದಳು.

ನಾನು ನೆಲಕ್ಕೆ ಬಿದ್ದ ಕಪ್ಪು ಚೂರು ಎತ್ತಿಕೊಳ್ಳಲು ಬಗ್ಗಿದೆ.

“ಗೊತ್ತಿತ್ತು. ಅದುಕ್ಕೇ ಪಕ್ಕದ್ ಬಾಗ್ಲಿಂದ ಬನ್ನಿ ಅಂದೆ. ನಮ್ಮನ್ನ ಕದ್ದು ಒಳಕ್ಕೆ ಕರ್‍ಕೊಳಕ್ ನೋಡ್ದೆ. ಅಲ್ವೇನೆ?” ಅಮ್ಮ ನನ್ನನ್ನು ‘ಏನೆ’ ಅನ್ನುವುದು ಅಪರೂಪ. “ಅರ್ಧ ಗಂಟೆ ಆರಿಸ್ದ ಕಣೆ ಅವ್ನು. ಅರ್ಧ ಗಂಟೆ.”

ಮೇಡಂ ಏನೋ ಹೇಳುತ್ತಿದ್ದರು. ಬ್ರೂಕ್ ಬಂದು, “ಅಯ್ಯೋ ಸಾರಿ ಕಣೆ, ಮರ್ತೇಹೋಯ್ತು,” ಅನ್ನುತ್ತಿದ್ದಳು. ಶವಪೆಟ್ಟಿಗೆಯ ಮುಚ್ಚಳ ಹಿಡಿದು ಸೂಡನ್ನು ಎಳೆದೆ. ತಂತಿ ಬಿಚ್ಚಲಿಲ್ಲ. ಇನ್ನೂ ಎಳೆದೆ. ರಟ್ಟು ಹರಿದು ಮುಚ್ಚಳ ಎರಡಾಯಿತು. ಸೂಡು ಕೈಗೆ ಬಂತು. “ಮಾರ್ಲೀನಾ!” ಅಂತ ಮೇಡಂ ಕೂಗಿದ್ದು ಹಿಂದೆ ಕೇಳಿಸಿತು.

ಅಪ್ಪ ಟ್ರಕ್ಕಿನಲ್ಲಿ ಕೂತಿದ್ದ. ಎಂಜಿನ್ ಹಾಕಿರಲಿಲ್ಲ. ಮೋಡ ಕವಿದು ಸಣ್ಣಗೆ ಹನಿಯುತ್ತಿತ್ತು. ನಾನು ಆಚೆ ಬಾಗಿಲು ತೆಗೆದು ಹತ್ತಿ, “ನಡಿ ಅಪ್ಪ, ಮನೆಗ್ ಹೋಗನ. ನಂಗೆ ಇವ್ರ ಪಿನ್ನೂ ಬ್ಯಾಡ ಏನೂ ಬ್ಯಾಡ,” ಅಂದೆ.

“ಇಳಿ ಕೆಳಕ್ಕೆ.”

“ಅಪ್ಪ...”

“ಇಳಿ ಅಂದೆ.” ಅವನು ಗಟ್ಟಿಯಾಗಿ ಮಾತಾಡಲಿಲ್ಲ. “ಆವಮ್ಮನ್ ಮೇಲೆ ನಂಗ್ ಸಿಟ್ಟಿಲ್ಲ. ಆವಮ್ಮ ಸೊಪ್ಪೇ ಕಂಡಿಲ್ಲ. ಕಾಣ್ದೋರು ಏನೋ ಮಾಡ್ಕತ್ತಾರೆ. ನೀನ್ ಕಂಡಿದ್ದೆ. ಯಾವತ್ ನೋಡ್ದೆ?”

“ಅವತ್ತೇ. ಆ ಗುರ್‍ವಾರ.”

“ನೋಡಿ ಏನ್ ಅಂದೆ?”

ಸುಳ್ಳು ಹೇಳಬಹುದಿತ್ತು. “ನಕ್ಕೆ,” ಅಂದೆ.

ಅವನು ಕಿಟಕಿಯ ಕಡೆ ತಿರುಗಿದ. ಗಾಜಿನ ಮೇಲೆ ಹನಿಗಳು ಕೂಡಿಕೊಂಡು ಇಳಿಯುತ್ತಿದ್ದವು. ಆಮೇಲೆ ಅಂದ: “ಎದ್ದು ಬರೋದ್ ಸುಲ್ಬ ಕಣವ್ವ. ಆವತ್ ನಕ್ಕಿದ್ದೂ ಸುಲ್ಬ, ಈವತ್ ಓಡೋಗೋದೂ ಸುಲ್ಬ. ನಾಲ್ಕ್ ವರ್ಸ ನಿನ್ ಓದುಸ್ದೋರು ಯಾರು? ಆ ಸೊಪ್ಪೇ. ಅದ್ರಿಂದ್ಲೇ ನಮ್ಮಪ್ಪ ಸತ್ತ, ಅದ್ರಿಂದ್ಲೇ ನೀನ್ ಓದ್ದೆ. ಎರಡೂ ನಿಜ. ಎರಡೂನೂ ಹೊತ್ಕಂಡ್ ನಾನ್ ಓಡಾಡ್ತಿಲ್ವಾ? ಹೋಗು. ನೀನ್ ಏನ್ ತಗಳಕ್ ಬಂದ್ಯೋ ಅದನ್ ತಗ. ಆವತ್ ಹೇಳ್ದೆ ಇದ್ದಿದ್ದ ಹೇಳು. ಹೇಳ್ದೆ ನನ್ ಟ್ರಕ್ ಹತ್ಬ್ಯಾಡ.”

“ನೀನು?”

“ನಾ ಬರಲ್ಲ.”

ನಾನು ಇಳಿದೆ. ಸೂಡು ನನ್ನ ಕೈಯಲ್ಲೇ ಇತ್ತು.

ಸಮಾರಂಭ ಹೊತ್ತಿಗೆ ಸರಿಯಾಗಿ ಶುರುವಾಯಿತು. ಒಂಬತ್ತು ಜನ ನಾವು, ಸಾಲಾಗಿ. ಎದುರು ಅರವತ್ತು ಎಪ್ಪತ್ತು ಮಂದಿ ಮನೆಯವರು, ಬಹಳಷ್ಟು ಪಟ್ಟಣದವರು. ಅಮ್ಮ ಎರಡನೇ ಸಾಲಿನ ಕೊನೆಯಲ್ಲಿ, ಕೇಕನ್ನು ಇನ್ನೂ ತೊಡೆಯ ಮೇಲಿಟ್ಟುಕೊಂಡು. ಅವಳ ಪಕ್ಕದ ಕುರ್ಚಿ ಖಾಲಿ. ಮೇಜಿನ ಮೇಲೆ ದೊಡ್ಡ ಮೊಂಬತ್ತಿ, ಅದರಿಂದ ಹಚ್ಚಿಕೊಳ್ಳಲು ಒಂಬತ್ತು ಸಣ್ಣವು, ಸದಸ್ಯರು ಹೆಸರು ಬರೆಯುವ ದಪ್ಪ ಪುಸ್ತಕ, ಮಖಮಲ್ ಮೇಲೆ ಪಿನ್ನುಗಳು. ನಾನು ಸೂಡನ್ನು ಬಗಲಲ್ಲಿ ಒತ್ತಿಕೊಂಡು ನಿಂತಿದ್ದೆ. ಬಿಳಿ ಅಂಗಿಯ ಪಕ್ಕೆ ಕಪ್ಪಾಗಿತ್ತು. ಬ್ರೂಕ್ ಕಣ್ಣಲ್ಲೇ ‘ಅದನ್ನು ಕೆಳಗಿಡು’ ಅಂದಳು. ಇಡಲಿಲ್ಲ.

ಒಬ್ಬೊಬ್ಬರಾಗಿ ಮುಂದೆ ಹೋಗಿ, ಮೊಂಬತ್ತಿ ಹಚ್ಚಿಕೊಂಡು ಪ್ರತಿಜ್ಞೆ ಓದಬೇಕು: ‘ಜನರಿಗೆ ಅವರ ಆರೋಗ್ಯದ ವಿಷಯದಲ್ಲಿ ಸತ್ಯವನ್ನು, ಅವರಿಗೆ ತಿಳಿಯುವ ಮಾತಿನಲ್ಲಿ, ಅವರ ಮೇಲಿನ ಗೌರವದಿಂದ ಹೇಳುತ್ತೇನೆ.’ ಆರು ಜನ ಓದಿದರು. ಆರು ಸಲ ಚಪ್ಪಾಳೆ. ಏಳನೆಯವಳು ನಾನು.

ಮೊಂಬತ್ತಿ ಹಚ್ಚಿಕೊಳ್ಳಲಿಲ್ಲ, ಕೈ ಖಾಲಿ ಇರಲಿಲ್ಲ. ಕಾಗದದಲ್ಲಿದ್ದುದನ್ನು ‘ಸತ್ಯವನ್ನು’ ಅನ್ನುವವರೆಗೆ ಓದಿದೆ. ಅಲ್ಲಿ ನಿಲ್ಲಿಸಿ ಕಾಗದವನ್ನು ಮೇಜಿನ ಮೇಲಿಟ್ಟೆ.

“ಮುಂದೆ ಓದಮ್ಮ,” ಅಂದರು ಹಾರ್ಗಿಸ್ ಮೇಡಂ, ಮೆಲ್ಲಗೆ.

“ಓದ್ತೀನಿ ಮೇಡಂ. ಮೊದಲು ಒಂದು ಮಾತು ಇದೆ.”

“ಈಗ ಬೇಡ, ಮಾರ್ಲೀನಾ. ಮಂಗಳವಾರ ಸಭೇಲಿ ಮಾತಾಡೋಣ.”

“ಮಂಗಳವಾರ ಇವರ್‍ಯಾರೂ ಇರಲ್ಲ.” ಜನರ ಕಡೆ ತಿರುಗಿದೆ. ಸೂಡನ್ನು ಬಗಲಿನಿಂದ ತೆಗೆದು ಎತ್ತಿ ಹಿಡಿದೆ. “ಬರುವಾಗ ಮೊಗಸಾಲೇಲಿ ಹರಿದ ಶವಪೆಟ್ಟಿಗೆ ನೀವೆಲ್ಲ ನೋಡಿರ್ತೀರಿ. ಎರಡು ವಾರದಿಂದ ಅದರ ಮೇಲೆ ನೇತಾಡ್ತಿದ್ದದ್ದು ಇದು. ಇದು ನಮ್ಮಪ್ಪ ಕಟ್ಟಿದ್ದು. ನಮ್ಮ ಮನೆ ಸೊಪ್ಪು. ಇದು ಕಪ್ಪಗಿರಲಿಲ್ಲ.”

ಒಂದು ಎಲೆ ಮುರಿದೆ. ಮುರಿದ ಅಂಚನ್ನು ಮುಂದಿನ ಸಾಲಿನವರಿಗೆ ಹಿಡಿದೆ. “ಈ ಬಣ್ಣ. ನಮ್ಮಜ್ಜನ್ನ ಕೊಂದಿದ್ದು ಈ ಬಣ್ಣ. ಇಷ್ಟು ಚೆಂದ ಇತ್ತು, ಹಾಗೇ ಕೊಂದಿತು. ಎರಡು ವರ್ಷ ಉಸಿರಿಗೆ ಬಾಯಿ ಬಾಯಿ ಬಿಟ್ಟು ಸತ್ತ. ನಾನು ಪಕ್ಕದಲ್ಲಿದ್ದೆ. ಅವನು ಜನ್ಮದಲ್ಲಿ ಒಂದು ಕಪ್ಪು ಎಲೆ ಕಂಡವನಲ್ಲ. ನೀವು ಇದನ್ನ ತಗೊಂಡು ಹೋಗಿ ಅವನ ಮುಂದೆ ಇಟ್ಟಿದ್ರೆ ಏನಂತಿದ್ದ ಗೊತ್ತಾ? ‘ಇವರು ಹೊಗೆಸೊಪ್ಪೇ ನೋಡಿಲ್ಲ’ ಅಂತಿದ್ದ. ಆಮೇಲೆ ನೀವು ಶ್ವಾಸಕೋಶದ ಬಗ್ಗೆ ಹೇಳಿದ್ದನ್ನೂ ಅವನು ನಂಬ್ತಿರಲಿಲ್ಲ. ಒಂದನ್ನೂ ನಂಬ್ತಿರಲಿಲ್ಲ. ನಾಳೆ ನಾನು ಕೆಲಸ ಮಾಡಬೇಕಾದ್ದು ಅಂಥವರ ಮಧ್ಯೆ. ಮೇಡಂ, ನೀವು ಹೆದರಿಸಿದ್ದು ಸಿಗರೇಟು ಸೇದೋ ಹುಡುಗರನ್ನಲ್ಲ. ಇದನ್ನ ಬೆಳೆಯೋರು ನಿಮ್ಮ ಮಾತು ಕೇಳದ ಹಾಗೆ ಮಾಡಿದ್ರಿ.”

ಯಾರೋ ಕೆಮ್ಮಿದರು. ಹಾರ್ಗಿಸ್ ಮೇಡಂ ಮುಖ ಕೆಂಪಾಗಿ, ಕತ್ತಿನವರೆಗೆ ಕೆಂಪಾಗಿತ್ತು.

“ಇದನ್ನ ನೋಡಿದ ದಿನ ನಾನೂ ನಕ್ಕಿದ್ದೆ,” ಅಂದೆ. “ಈ ಪಿನ್ನಿಗೋಸ್ಕರ ನಕ್ಕಿದ್ದೆ. ಅದನ್ನೂ ಹೇಳ್ಬೇಕಿತ್ತು.”

ಆಮೇಲೆ ಕಾಗದ ಎತ್ತಿ ಪ್ರತಿಜ್ಞೆಯನ್ನು ಮೊದಲಿನಿಂದ ಓದಿದೆ, ಪೂರ್ತಿ ಓದಿದೆ. ಚಪ್ಪಾಳೆ ಬೀಳಲಿಲ್ಲ. ಮೇಡಂ ಕಲ್ಲಿನ ಹಾಗೆ ನಿಂತಿದ್ದರು. ಪಿನ್ನು ಚುಚ್ಚುವುದಿಲ್ಲ ಅಂದುಕೊಂಡೆ. ಚುಚ್ಚದಿದ್ದರೆ ಅಲ್ಲಿಂದ ಕದಲಬಾರದು ಅಂತಲೂ ಅಂದುಕೊಂಡೆ. ಬ್ರೂಕ್ ಪಿನ್ನಿನ ತಟ್ಟೆ ಹಿಡಿದು ಮೇಡಂ ಮುಖ ನೋಡಿದಳು. ಕೊನೆಗೆ ಅವರು ಒಂದು ಪಿನ್ನು ತೆಗೆದು ನನ್ನ ಕಾಲರಿಗೆ ಚುಚ್ಚಿದರು. ಕಿವಿಯ ಹತ್ತಿರ ಬಗ್ಗಿ, “ನನ್ನ ಸಮಾರಂಭ ಹಾಳ್ ಮಾಡಿದೆ,” ಅಂದರು. ಸ್ವಲ್ಪ ತಡೆದು, “ಫಲಕ ಬರೆದಿದ್ದು ತಪ್ಪು,” ಅಂದರು. ಎರಡನ್ನೂ ಒಂದೇ ಸಿಟ್ಟಿನಲ್ಲಿ ಅಂದರು.

ಪುಸ್ತಕದಲ್ಲಿ ಹೆಸರು ಬರೆದೆ. ಮಗ್ಗುಲಲ್ಲಿ ನನ್ನ ಹೆಬ್ಬೆರಳಿನ ಕಪ್ಪು ಗುರುತು ಬಿತ್ತು.

ತಲೆಯೆತ್ತಿದಾಗ ಹಿಂದಿನ ಬಾಗಿಲ ಬಳಿ ಅಪ್ಪ ನಿಂತಿದ್ದ. ಕೋಟಿನ ಭುಜ ಒದ್ದೆಯಾಗಿತ್ತು. ಯಾವಾಗ ಬಂದನೋ, ಎಷ್ಟು ಕೇಳಿದನೋ ತಿಳಿಯಲಿಲ್ಲ. ನಾನು ನೋಡಿದ್ದು ಕಂಡು ಟೋಪಿ ಹಾಕಿಕೊಂಡು ಮತ್ತೆ ಹೊರಗೆ ಹೋದ.

ಕೇಕನ್ನು ಅಮ್ಮ ಅಲ್ಲಿ ಬಿಡಲಿಲ್ಲ. “ತಂದಿದ್ ತಟ್ಟೆ ನಂದು,” ಅಂತ ವಾಪಸ್ಸು ತಂದಳು. ಟ್ರಕ್ಕಿನಲ್ಲಿ ಮೂವರೂ ಒತ್ತಾಗಿ ಕೂತೆವು. ಸೂಡು ಮುಂದಿನ ಗಾಜಿನ ಕೆಳಗಿತ್ತು. ಮನೆಗೆ ಅರವತ್ತು ಮೈಲಿ. ಸೇತುವೆ ದಾಟಿ ನಮ್ಮ ಕೌಂಟಿಗೆ ಬಂದಾಗ ಮಳೆ ಜೋರಾಯಿತು.

“ಸೊಪ್ಪು ಹದಕ್ ಬತ್ತದೆ ಬೆಳಿಗ್ಗೆಗೆ,” ಅಂದಳು ಅಮ್ಮ.

ಅಪ್ಪ ವೈಪರ್ ಜೋರು ಮಾಡಿದ.

ಸೋಮವಾರ ನನಗೆ ಎಂಟೂವರೆಗೆ ತರಗತಿ ಇತ್ತು. ಹೋಗಲಿಲ್ಲ. ಬೆಳಕು ಹರಿಯುವ ಮೊದಲೇ ಅಪ್ಪ ಬ್ಯಾರನ್ನಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ನಾನು ಎದ್ದು ಹಳೇ ಕೋಟು ಹಾಕಿಕೊಂಡು ಬಿಡಿಸುವ ಕೋಣೆಗೆ ಹೋದೆ. ಒಲೆ ಹೊತ್ತಿತ್ತು. ನನ್ನ ಜಾಗದಲ್ಲಿ ನಿಂತೆ.

ಅಪ್ಪ ತಲೆ ಎತ್ತದೆ, “ವಾಂಡಾ, ಕೆಂಪೂ ನೀನೇ ತಗಿ,” ಅಂದ.

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಒಂದು ಹೆಜ್ಜೆ ಸರಿದು ನನ್ನ ಜಾಗಕ್ಕೆ ಬಂದಳು. ನಾನು ಹಲಗೆಯ ಕೊನೆಗೆ ಹೋದೆ. ತುದಿ ಎಲೆಗಳು ಮಾತ್ರ ಉಳಿದ ಗಿಡಗಳು ಒಂದೊಂದೇ ನನ್ನ ಮುಂದೆ ಬಂದವು. ತುದಿ ಕಿತ್ತೆ, ದಂಟು ಕಾಲ ಬಳಿ ಹಾಕಿದೆ. ಮತ್ತೆ ಕಿತ್ತೆ, ಮತ್ತೆ ಹಾಕಿದೆ. ನನಗೆ ಹದಿನಾರು ತುಂಬುವ ಮೊದಲಿನ ಅದೇ ಗಾಳಿ ಆ ಮೂಲೆಯಲ್ಲಿ, ಬಾಗಿಲ ಸಂದಿಯಿಂದ ಬರುವುದು. ನನಗೂ ಸಿಟ್ಟಿತ್ತು. ಹೇಳು ಅಂದದ್ದನ್ನು ಹೇಳಿ ಬಂದಿದ್ದೆನಲ್ಲ, ಇನ್ನೇನು ಮಾಡಬೇಕಿತ್ತು ಅಂತ ಸಿಟ್ಟು. ಆದರೆ ಕೇಳಲಿಲ್ಲ. ಕೇಳಿದ್ದರೆ ಅವನು ಏನನ್ನುತ್ತಿದ್ದ ಅಂತ ಗೊತ್ತಿತ್ತು: ಹೇಳಿದ್ದು ಭಾನುವಾರ, ನಕ್ಕಿದ್ದು ಆ ಗುರುವಾರ.

ಹನ್ನೊಂದರ ಹೊತ್ತಿಗೆ ಅಪ್ಪ ಬಾಯಿಬಿಟ್ಟ.

“ಆ ಸಿಗರೇಟ್ ಬುಡೋ ದಿನಾನ ವರ್ಸ ವರ್ಸ ಮಾಡ್ತಾರಾ ಅವ್ರು?”

“ಪ್ರತಿ ವರ್ಸ ಮಾಡ್ತಾರೆ.”

“ಬರೋ ವರ್ಸ ಸೂಡ್ನ ನಿನ್ ಕೈಲ್ ಕಳ್ಸಲ್ಲ. ನಾನೇ ತತ್ತೀನಿ. ಪಕ್ಕದಲ್ಲೇ ನಿಂತ್ಕತ್ತೀನಿ ದಿನಪೂರ್ತಿ. ನಮ್ಮಪ್ಪಂಗ್ ಏನಾಯ್ತೋ ನಾನೇ ಹೇಳ್ತೀನಿ. ಯಾರ್ ಬಂದ್ ಬಳೀತಾರೋ ನೋಡನ.”

“ಆಗ್ಲಿ ಅಪ್ಪ.”

“ಆ ದಂಟ್ ತಗಂಡೋಗಿ ಎಸಿ. ಕಾಲ್ ತುಂಬಾ ತುಂಬ್ಕಂಡವೆ.”

ನಾನು ಬಗ್ಗಿ ದಂಟುಗಳನ್ನು ಎರಡೂ ತೋಳಲ್ಲಿ ಅವುಚಿಕೊಂಡು ಎದ್ದೆ. ಹೊರಗೆ ಮಳೆ ನಿಂತಿರಲಿಲ್ಲ.